ಬಾರದ ರೈಲಿಗೆ ಎಷ್ಟು ಅಂತ ದುಡ್ಡು ಕಟ್ಟೋದು, ಸಾಹೇಬರೇ?

ಬೆಂಗಳೂರಿನ ಸುತ್ತ ರೈಲು ಓಡಿಸುವ, ಬಸ್ಸು ಬಿಡುವ, ಬಡಾವಣೆಗೆ ಮಂಜೂರಾತಿ ಕೊಡುವ ಎಲ್ಲ ಸಾಹೇಬರಿಗೆ,

ನಮಸ್ಕಾರ. ಇನ್ನೂ ಓಡದ ಉಪನಗರ ರೈಲಿನ ಹೆಸರಲ್ಲಿ ಮನೆಯ ಬೆಲೆ ಏರಿಸುತ್ತಿದ್ದಾರೆ, ಆ ರೈಲು ಯಾವಾಗ ಎಂದು ಕೇಳಲು ಬರೆಯುತ್ತಿದ್ದೇನೆ.

ನಾನು ಯಶವಂತಪುರದ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವವಳು. ನನ್ನ ಗಂಡ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಮಷಿನ್ ನೋಡಿಕೊಳ್ಳುತ್ತಾರೆ. ಮಗಳು ಒಂದನೇ ಕ್ಲಾಸು. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಹನ್ನೊಂದು ತಿಂಗಳಿಗೊಮ್ಮೆ ಓನರ್ ಆಂಟಿ ಮೆಟ್ಟಿಲು ಹತ್ತಿ ಬರುತ್ತಾರೆ. ಕಾಫಿ ಕುಡಿಯುತ್ತಾರೆ. ಲೋಟ ಕೆಳಗಿಟ್ಟು "ಎಲ್ಲಾ ಕಡೆ ಜಾಸ್ತಿ ಆಗಿದೆ ಅಲ್ವಾ" ಎಂದು ಶುರು ಮಾಡುತ್ತಾರೆ. ಹೋದ ವರ್ಷ ಅವರು ಇಳಿದು ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಸ್ವಂತ ಮನೆ ತಗೊಳ್ಳೋದೇ ಎಂದು ತೀರ್ಮಾನ ಮಾಡಿದೆವು. ಅದಾಗಿ ಹದಿನಾಲ್ಕು ತಿಂಗಳಾಯಿತು. ಇಲ್ಲಿಯವರೆಗೆ 31 ಮನೆ ನೋಡಿದ್ದೇವೆ. ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿವೆ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ, ಅದು ನನ್ನ ಕಸುಬು.

ನಮ್ಮ ಕೈಗೆ ಎಟುಕುವುದು 45 ಲಕ್ಷ. ಈ ಅಂಕಿ ಸುಮ್ನೆ ಹುಟ್ಟಿದ್ದಲ್ಲ. 45 ಲಕ್ಷದವರೆಗಿನ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕ ಶೇ 3, ಆ ಗೆರೆ ದಾಟಿದರೆ ಶೇ 5. ಬ್ಯಾಂಕು ಬೆಲೆಯ ಶೇ 80ರಷ್ಟು ಸಾಲ ಕೊಡುತ್ತದೆ, ಅಂದರೆ 36 ಲಕ್ಷ. ಉಳಿದ 9 ಲಕ್ಷ ನಾವು ಹೊಂದಿಸಬೇಕು. ನೋಂದಣಿ ಖರ್ಚನ್ನು ಬ್ಯಾಂಕು ಬೆಲೆಯೊಳಗೆ ಸೇರಿಸುವುದೇ ಇಲ್ಲ, ಅದೂ ನಮ್ಮ ಜೇಬಿನಿಂದಲೇ. ಮುದ್ರಾಂಕ 1,35,000. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಸುಮಾರು 16,000. ನೋಂದಣಿ ಶುಲ್ಕ 90,000. ಈ ಕೊನೆಯದು ನಾವು ಮನೆ ಹುಡುಕಲು ಹೊರಟಾಗ 45,000 ಇತ್ತು. 2025ರ ಆಗಸ್ಟ್ 31ರಿಂದ ಶೇ 1 ಹೋಗಿ ಶೇ 2 ಆಯಿತು. 36 ಲಕ್ಷಕ್ಕೆ ಶೇ 8ರ ಬಡ್ಡಿ ಹಿಡಿದರೆ 20 ವರ್ಷಕ್ಕೆ ತಿಂಗಳ ಕಂತು 30,112 ರೂಪಾಯಿ. ನನ್ನ ಸಂಬಳದಲ್ಲಿ ಮನೆ ಖರ್ಚು, ಅವರ ಸಂಬಳದಲ್ಲಿ ಕಂತು. ಹೇಗೋ ಆಗುತ್ತದೆ.

ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯೂ ಇದೆ. ಅದಕ್ಕೆ ಮನೆಯ ಬೆಲೆ 35 ಲಕ್ಷದೊಳಗಿರಬೇಕು. 35 ಲಕ್ಷಕ್ಕೆ ಮನೆ ಎಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತು. ಅಲ್ಲಿಂದ ಕೆಲಸಕ್ಕೆ ಹೋಗುವುದು ಹೇಗೆ ಎಂದು ಯಾರಿಗೂ ಗೊತ್ತಿಲ್ಲ.

ಇಲ್ಲಿಂದ ನಿಮ್ಮ ವಿಷಯ ಶುರು.

ಮನೆ ನೋಡಲು ಹೋದಾಗ ಎಲ್ಲರೂ ಚದರಡಿ ಕೇಳುತ್ತಾರೆ, ವಾಸ್ತು ಕೇಳುತ್ತಾರೆ, ಕಾವೇರಿ ಇದೆಯಾ ಬೋರಾ ಎಂದು ಕೇಳುತ್ತಾರೆ. ನಾವೂ ಕೇಳಿದೆವು. ಆದರೆ ನನ್ನ ನೋಟ್‌ಬುಕ್ಕಿನ ಮೊದಲ ಕಾಲಂ ಬೇರೆ. 'ಬಾಗಿಲಿಂದ ಬಾಗಿಲಿಗೆ.' ಮನೆಯ ಬಾಗಿಲಿಗೆ ಬೀಗ ಹಾಕಿದ ಹೊತ್ತಿನಿಂದ ಆಫೀಸಿನಲ್ಲಿ ಬೆರಳು ಒತ್ತುವ ಹೊತ್ತಿನವರೆಗೆ. ನನ್ನದು ಒಂದು, ಅವರದು ಒಂದು. ಎರಡೂ ಕೂಡಿಸಿ ಮೂರು ಗಂಟೆ ದಾಟಿದರೆ ಆ ಮನೆ ಬೇಡ. ಮಗಳ ಶಾಲೆ ಬಿಟ್ಟ ಮೇಲೆ ಅವಳನ್ನು ನೋಡಿಕೊಳ್ಳುವ ಅಜ್ಜಿ ನಮಗೆ ಪಕ್ಕದ ಮನೆಯಲ್ಲಿಲ್ಲ, ತಿಪಟೂರಿನಲ್ಲಿದ್ದಾರೆ.

ಚಂದಾಪುರದಲ್ಲಿ ಒಳ್ಳೆ ಫ್ಲ್ಯಾಟ್ ಸಿಕ್ಕಿತ್ತು. 2025ರ ಆಗಸ್ಟಿನಲ್ಲಿ ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಶುರುವಾದ ಮೇಲೆ ಆ ಕಡೆ ಹೋಗಿ ಬರುವುದು ಸುಲಭವಾಯಿತು. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಆಮೇಲೆ ರೈಲು ಬಂದ ಹಾಗೆ ಕಾಯುವುದು ಕಡಿಮೆಯಾಯಿತು. ಅದನ್ನು ಒಪ್ಪಲೇಬೇಕು. ನನ್ನ ಗಂಡ ಮೊದಲು ಸಿಲ್ಕ್ ಬೋರ್ಡಿನಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುತ್ತಿದ್ದರು. ಈಗ ಕೂತು ಮಾಡುತ್ತಾರೆ. ಚಂದಾಪುರದಿಂದ ಅವರಿಗೆ ಫ್ಯಾಕ್ಟರಿ 25 ನಿಮಿಷ. ನನಗೆ? ಆಟೋ, ಹಳದಿ ಮೆಟ್ರೋ, ಆರ್‌ವಿ ರೋಡಿನಲ್ಲಿ ಬದಲಾವಣೆ, ಹಸಿರು ಮೆಟ್ರೋ, ಆಮೇಲೆ ನಡಿಗೆ. 1 ಗಂಟೆ 55 ನಿಮಿಷ. ಇಬ್ಬರದೂ ಕೂಡಿಸಿದರೆ ಮೂರು ಗಂಟೆಯೊಳಗೇ ಬರುತ್ತದೆ, ಆದರೆ ಮೆಟ್ರೋಗೆ ಒಂದು ಕಡೆಗೆ 90 ರೂಪಾಯಿ. 2025ರ ಫೆಬ್ರುವರಿಗೆ ಮುಂಚೆ ಮೆಟ್ರೋದ ಅತಿ ಹೆಚ್ಚಿನ ಟಿಕೆಟ್ಟು 60 ಇತ್ತು. ತಿಂಗಳಿಗೆ 25 ದಿನ ಹಿಡಿದರೆ ನನ್ನೊಬ್ಬಳದೇ 4,500. ಅದನ್ನು ಕಂತಿಗೆ ಸೇರಿಸಿಕೊಂಡರೆ 45 ಲಕ್ಷದ ಮನೆ 45 ಲಕ್ಷದ್ದಾಗಿ ಉಳಿಯುವುದಿಲ್ಲ.

ಕೆಂಗೇರಿ ಇಬ್ಬರಿಗೂ ಮಧ್ಯ. ಅಲ್ಲಿ ನಮ್ಮ ಬಜೆಟ್ ಕೇಳಿ ನಕ್ಕರು. ಪಾಪ, ಬೇಕೆಂದು ನಕ್ಕಿದ್ದಲ್ಲ. ಮೆಟ್ರೋ ಬಂದು ನಾಲ್ಕು ವರ್ಷ ದಾಟಿದ ಜಾಗ ಅದು.

ನೆಲಮಂಗಲದ ಆಚೆ ಒಬ್ಬರು ಸೈಟು ತೋರಿಸಿದರು. ಬೆಲೆ ಕಡಿಮೆ, ಕಾಗದ 11ಬಿ, ಅಂದರೆ ಮಂಜೂರಾತಿ ಇಲ್ಲದ ಸೈಟಿಗೆ ಪಂಚಾಯಿತಿ ಕೊಡುವ ಕಾಗದ. ಬ್ಯಾಂಕಿನವರು ಫೈಲು ತೆರೆದು ನೋಡಿ ಹಾಗೇ ಮುಚ್ಚಿದರು. "ಮುಂದಿನ ವರ್ಷ ಎಲ್ಲಾ ಸಕ್ರಮ ಆಗುತ್ತೆ ಮೇಡಂ" ಎಂದು ಸೈಟಿನವರು. ಅಕ್ರಮ ಸಕ್ರಮ ಎನ್ನುವ ಮಾತನ್ನು ನಾನು ಕಾಲೇಜಿನಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ಅದಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದೂ ನೆನಪಿದೆ. ಅಲ್ಲಿಗೆ ಬಿಟ್ಟೆವು.

ತುಮಕೂರಿನ ಕತೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನನ್ನ ಮನಸ್ಸು ಹೋಗಿತ್ತು.

ಡಿಸೆಂಬರಿನ ಒಂದು ಬುಧವಾರ ಸಂಜೆ ಯಶವಂತಪುರದಲ್ಲಿ ತುಮಕೂರು ರೈಲು ಹತ್ತಿದೆ. ಪರೀಕ್ಷೆಗೆಂದು. ಹೆಂಗಸರ ಬೋಗಿಯಲ್ಲಿ ಕಾಲಿಡಲು ಜಾಗವಿಲ್ಲ. ಆದರೆ ಯಾರ ಮುಖದಲ್ಲೂ ಗಾಬರಿ ಇಲ್ಲ. ಚಿಕ್ಕಬಾಣಾವರ ದಾಟುವಷ್ಟರಲ್ಲಿ ಕಿಟಕಿ ಪಕ್ಕದವರೊಬ್ಬರು ಬ್ಯಾಗಿನಿಂದ ಅವರೆಕಾಯಿ ಚೀಲ ತೆಗೆದರು. ಮಡಿಲಲ್ಲಿ ದಿನಪತ್ರಿಕೆ ಹರಡಿದರು. ಕೇಳದೆಯೇ ಎದುರು ಕೂತವರು ಒಂದೊಂದು ಹಿಡಿ ತಗೊಂಡರು. ನಿಂತಿದ್ದ ನನ್ನ ಕೈಗೂ ಒಂದು ಹಿಡಿ ಬಂತು. ಸೋಲದೇವನಹಳ್ಳಿ, ದೊಡ್ಡಬೆಲೆ, ದಾಬಸ್‌ಪೇಟೆ ಎಂದು ಸ್ಟೇಷನ್ ದಾಟುತ್ತಾ ಹೋದ ಹಾಗೆ ಕಾಳಿನ ಡಬ್ಬಿ ತುಂಬುತ್ತಾ ಬಂತು. ಸಿಪ್ಪೆ ಒಂದೂ ಕೆಳಗೆ ಬೀಳಲಿಲ್ಲ. ಬೆರಳಿಗೆ ಸೊಗಡು ಅಂಟಿ ಮನೆಗೆ ಬಂದ ಮೇಲೂ ಹೋಗಲಿಲ್ಲ. ಮನೆ ಹುಡುಕುತ್ತಿದ್ದೇನೆ ಎಂದಾಗ ಅವರಲ್ಲಿ ಹಿರಿಯರೊಬ್ಬರು ಹೇಳಿದರು: "ಮೊದಲ ವರ್ಷ ಅಳ್ತೀಯ. ಎರಡನೇ ವರ್ಷ ಅಭ್ಯಾಸ ಆಗುತ್ತೆ. ಮೂರನೇ ವರ್ಷ ಭಾನುವಾರ ಬೇಜಾರಾಗುತ್ತೆ." ಎಲ್ಲರೂ ನಕ್ಕರು. ಅವರ ಕೈಯಲ್ಲಿದ್ದ ತಿಂಗಳ ಪಾಸಿನ ದರ ನೋಡಿದರೆ ನಮ್ಮ ಮೆಟ್ರೋದಲ್ಲಿ ಮೂರ್ನಾಲ್ಕು ದಿನವೂ ಓಡಾಡಲು ಆಗುವುದಿಲ್ಲ.

ನನಗೆ ಅದು ಆಗುತ್ತಿತ್ತು. ಆದರೆ ಬೊಮ್ಮಸಂದ್ರಕ್ಕೆ ಹೋಗುವವರಿಗೆ? ಹೋಗಲು ಮೂರು ಗಂಟೆ, ಬರಲು ಮೂರು. "ಮನೆ ತಗೊಂಡು ಮನೇಲಿ ಇರೋದು ಯಾವಾಗ" ಎಂದು ಅವರು ಕೇಳಿದರು. ತುಮಕೂರು ಪುಟದ ಮೇಲೆ ಅಡ್ಡ ಗೆರೆ ಎಳೆದೆ. ಮಗಳು ಅದರ ಮೇಲೆ ಹೂವು ಬರೆದಿದ್ದಾಳೆ.

ಆ ಕಡೆ ಓಡಾಡುವಾಗ ಇನ್ನೊಂದು ನೋಡಿದೆ. 2024ರ ಬಜೆಟ್ಟಿನಲ್ಲಿ ಮೆಟ್ರೋವನ್ನು ತುಮಕೂರಿಗೆ ಒಯ್ಯಬಹುದೇ ಎಂದು ಅಧ್ಯಯನ ಮಾಡಿಸುವ ಮಾತು ಬಂದಿತ್ತು. ಬರೀ ಅಧ್ಯಯನ. ಹೆದ್ದಾರಿ ಪಕ್ಕದ ಬಡಾವಣೆಗಳ ಬೋರ್ಡಿನಲ್ಲಿ ಅದು ಆಗಲೇ 'ಮೆಟ್ರೋ ಸಂಪರ್ಕ' ಆಗಿತ್ತು. ಸಣ್ಣ ಅಕ್ಷರದಲ್ಲಿ 'ಉದ್ದೇಶಿತ'. ಓದಲು ಗಾಡಿ ನಿಲ್ಲಿಸಿ ಇಳಿಯಬೇಕು.

ಸಾಹೇಬರೇ, ನಾನು ಈ ಪತ್ರ ಬರೆಯಲು ಕೂತದ್ದೇ ಈ ಬೋರ್ಡಿಗಾಗಿ.

ಈಗ ನಮ್ಮ ಮುಂದೆ ಒಂದೇ ಮನೆ ಉಳಿದಿದೆ. ರಾಜಾನುಕುಂಟೆಯಲ್ಲಿ ಎರಡು ರೂಮಿನ ಫ್ಲ್ಯಾಟ್, 43.5 ಲಕ್ಷ. ಬಾಲ್ಕನಿಯಲ್ಲಿ ನಿಂತರೆ ದೊಡ್ಡಬಳ್ಳಾಪುರ ಕಡೆ ಹೋಗುವ ಹಳಿ ಕಾಣುತ್ತದೆ. ನನಗೆ ಯಲಹಂಕದ ಮೇಲೆ ಯಶವಂತಪುರಕ್ಕೆ ಬರುವುದು ಕಷ್ಟವಲ್ಲ. ಅವರಿಗೆ ಬೊಮ್ಮಸಂದ್ರ ಊರಿನ ಇನ್ನೊಂದು ತುದಿ. ಆದರೂ ಈ ಮನೆ ನಮ್ಮ ಪಟ್ಟಿಯಲ್ಲಿ ಉಳಿದದ್ದು ನಿಮ್ಮ ಒಂದು ಗೆರೆಯ ದೆಸೆಯಿಂದ. ಉಪನಗರ ರೈಲಿನ ನಕ್ಷೆಯಲ್ಲಿ ಹೀಲಲಿಗೆಯಿಂದ ರಾಜಾನುಕುಂಟೆಗೆ 46.88 ಕಿಲೋಮೀಟರ್ ಉದ್ದದ ಗೆರೆ ಇದೆ. ಕನಕ ಮಾರ್ಗ. ಹೀಲಲಿಗೆಯಲ್ಲಿ ಇಳಿದರೆ ಅವರ ಫ್ಯಾಕ್ಟರಿ ಹತ್ತಿರ. ಒಂದು ತುದಿಯಲ್ಲಿ ನಮ್ಮ ಮನೆ, ಇನ್ನೊಂದು ತುದಿಯಲ್ಲಿ ಅವರ ಕೆಲಸ. ನಮಗೆಂದೇ ಎಳೆದ ಹಾಗಿದೆ.

ನಾಲ್ಕು ಮಾರ್ಗಕ್ಕೂ ಹೂವಿನ ಹೆಸರು ಇಟ್ಟಿದ್ದೀರಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಚೆನ್ನಾಗಿದೆ. ಒಟ್ಟು 148 ಕಿಲೋಮೀಟರ್, 15,767 ಕೋಟಿ. ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ. ಶಂಕುಸ್ಥಾಪನೆ ಆದದ್ದು 2022ರ ಜೂನ್ 20ಕ್ಕೆ, ಪ್ರಧಾನಿಯವರ ಕೈಯಿಂದ. ಆವತ್ತು ಹೇಳಿದ್ದು 40 ತಿಂಗಳು. ನನ್ನ ಲೆಕ್ಕದಲ್ಲಿ ಆ 40 ತಿಂಗಳು 2025ರ ಅಕ್ಟೋಬರಿಗೆ ಮುಗಿದವು. ಆ ವರ್ಷವೇ ಎರಡು ಮಾರ್ಗಗಳ ಗುತ್ತಿಗೆ ಅರ್ಧಕ್ಕೆ ಮುರಿದುಬಿದ್ದ ಸುದ್ದಿ ಓದಿದೆವು. ಒಂದು ಮಲ್ಲಿಗೆ, ಇನ್ನೊಂದು ಕನಕ. ನಮ್ಮತ್ತೆ ತಿಪಟೂರಿನಲ್ಲಿ ಕನಕಾಂಬರ ಕಟ್ಟುತ್ತಾರೆ, ಅವರಿಗೆ ಈ ಸುದ್ದಿ ಹೇಳಿದಾಗ "ಹೂ ಬಾಡೋಯ್ತಾ" ಎಂದರು.

ಜಮೀನು ಬೇಕು, ಟೆಂಡರ್ ಬೇಕು, ಗುತ್ತಿಗೆದಾರರು ಕೈಕೊಡುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ತಡವಾಗುವುದು ನನಗೆ ಅರ್ಥವಾಗುತ್ತದೆ. ನನ್ನ ತಕರಾರು ತಡದ ಬಗ್ಗೆ ಅಷ್ಟಾಗಿ ಇಲ್ಲ. ತಡವಾದ ರೈಲಿಗೆ ನಾನು ಇವತ್ತೇ ದುಡ್ಡು ಕಟ್ಟುತ್ತಿರುವ ಬಗ್ಗೆ ಇದೆ.

ಲೆಕ್ಕ ನೋಡಿ. ರಾಜಾನುಕುಂಟೆಯಲ್ಲಿ ಹಳಿಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಅದೇ ಅಳತೆಯ, ಅಷ್ಟೇ ಹೊಸ ಫ್ಲ್ಯಾಟು ನೋಡಿದೆವು. 38 ಲಕ್ಷ. ಇಲ್ಲಿ 43.5. ವ್ಯತ್ಯಾಸ 5.5 ಲಕ್ಷ. ಯಾಕೆ ಎಂದು ಕೇಳಿದರೆ ಮಾರುವವರು ಗೋಡೆಯ ಮೇಲಿನ ನಕ್ಷೆ ತೋರಿಸಿದರು. "ಲೈನ್ ಬಂದ ಮೇಲೆ ಈ ರೇಟಿಗೆ ಕನಸಲ್ಲೂ ಸಿಗಲ್ಲ." ಯಾವಾಗ ಬರುತ್ತೆ ಎಂದೆ. "ಬರುತ್ತೆ ಮೇಡಂ." ಆ 5.5 ಲಕ್ಷದಲ್ಲಿ ಸಾಲದ ಪಾಲು 4.4 ಲಕ್ಷ, ಅದಕ್ಕೆ ತಿಂಗಳ ಕಂತು 3,680 ರೂಪಾಯಿ. ಓಡದ ರೈಲಿಗೆ ಮಾಡಿಸಿದ ಪಾಸು ಅಂದುಕೊಳ್ಳಿ. ಇಷ್ಟು ದುಬಾರಿ ಪಾಸು ತುಮಕೂರಿನ ಬೋಗಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಜೊತೆಗೆ ಆ 5.5 ಲಕ್ಷದ ಮೇಲೆ ಮುದ್ರಾಂಕ, ಸೆಸ್ಸು, ನೋಂದಣಿ ಎಂದು ಸರ್ಕಾರಕ್ಕೆ 29,000 ಚಿಲ್ಲರೆ. ಬಿಲ್ಡರ್ ರೈಲಿನ ಹೆಸರಲ್ಲಿ ದುಡ್ಡು ತಗೊಂಡ, ಬ್ಯಾಂಕು ಬಡ್ಡಿ ತಗೊಂಡಿತು, ಖಜಾನೆಗೆ ಶುಲ್ಕ ಹೋಯಿತು. ಕಾಯುವುದು ಮಾತ್ರ ನಮ್ಮ ಪಾಲಿಗೆ.

ಸುಳ್ಳು ಜಾಹೀರಾತಿಗೆ ಕಾನೂನು ಇದೆ ಎಂದು ನೀವು ಹೇಳಬಹುದು. ಇದೆ. ಬಿಲ್ಡರ್‌ಗಳನ್ನು ಹಿಡಿತದಲ್ಲಿಡುವ ರೇರಾ ಕಾಯ್ದೆಯ 12ನೇ ಸೆಕ್ಷನ್ ಓದಿದ್ದೇನೆ. ಸುಳ್ಳು ಜಾಹೀರಾತು ನಂಬಿ ದುಡ್ಡು ಕೊಟ್ಟು ನಷ್ಟವಾದರೆ ಪರಿಹಾರ ಕೊಡಬೇಕು. ಆದರೆ 'ಉದ್ದೇಶಿತ ಸ್ಟೇಷನ್' ಎನ್ನುವುದು ಸುಳ್ಳಲ್ಲವಲ್ಲ. ನೀವೇ ಉದ್ದೇಶಿಸಿದ್ದೀರಿ.

ನನ್ನ ಚಿಕ್ಕಪ್ಪ ಮುಂಬೈನಲ್ಲಿದ್ದರು. ಡೊಂಬಿವಲಿಯಲ್ಲಿ ಮನೆ ತಗೊಂಡರು, ಅಲ್ಲಿ ನಮ್ಮ ಕಡೆಯವರು ಬಹಳ ಜನ ಇದ್ದಾರೆ. ಮನೆ ಪುಟ್ಟದು, ಮಳೆಗಾಲದಲ್ಲಿ ಗೋಡೆ ಒದ್ದೆ. ಆದರೆ ತಗೊಳ್ಳುವಾಗ ಅವರು ರೈಲು ಬರುತ್ತದಾ ಎಂದು ಕೇಳಲಿಲ್ಲ. ಫಾಸ್ಟ್ ಹತ್ತಲಾ ಸ್ಲೋ ಹತ್ತಲಾ ಎನ್ನುವುದೊಂದೇ ಅವರ ಚಿಂತೆ. ರೈಲು ಮೊದಲು ಇತ್ತು, ಮನೆ ಆಮೇಲೆ ಬಂತು. ನಮ್ಮಲ್ಲಿ ಉಲ್ಟಾ.

ರೈಲಿದ್ದರೂ ಆಗುವುದಿಲ್ಲ, ಅದನ್ನೂ ಹೇಳಬೇಕು. ಊರಿನ ಉತ್ತರಕ್ಕೆ ಒಂದು ಸಣ್ಣ ಸ್ಟೇಷನ್, ಹೆಸರು ಬೇಡ. ಅದರ ಹತ್ತಿರ ಒಂದು ಮನೆ. ಭಾನುವಾರ ಬೆಳಗ್ಗೆ ಏಜೆಂಟರ ಕಾರಿನಲ್ಲಿ ಸ್ಟೇಷನ್ನಿಂದ ನಾಲ್ಕು ನಿಮಿಷ. "ನೋಡಿ, ಹಾಡು ಮುಗಿಯೋದ್ರಲ್ಲಿ ಬಂದ್ವಿ" ಎಂದರು. ನಾನು ಮಂಗಳವಾರ ಸಂಜೆ ಒಬ್ಬಳೇ ಹೋದೆ. ಏಳೂ ಹತ್ತಕ್ಕೆ ಇಳಿದೆ. ಪ್ಲಾಟ್‌ಫಾರ್ಮಿನ ತುದಿಯಿಂದ ಮಣ್ಣಿನ ಇಳಿಜಾರು, ಅದರ ಕೆಳಗೆ ಚರಂಡಿಯ ಮೇಲೆ ಹಾಕಿದ ಒಂದು ಕಲ್ಲು. ಆಮೇಲೆ ರಸ್ತೆ. ಫುಟ್‌ಪಾತ್ ಇಲ್ಲ. ಜಲ್ಲಿ ಲಾರಿ ಬಂದಾಗಲೆಲ್ಲ ಬೇಲಿಗೆ ಒತ್ತಿಕೊಂಡು ನಿಲ್ಲಬೇಕು. ಬೀದಿ ದೀಪದ ಕಂಬ ಎಣಿಸಿದೆ, ಹದಿನೇಳು. ಉರಿಯುತ್ತಿದ್ದದ್ದು ನಾಲ್ಕು, ಅದರಲ್ಲಿ ಒಂದು ಬಡಾವಣೆಯ ಬೋರ್ಡಿಗೆ ಬೆಳಕು ಬೀಳುವ ಹಾಗೆ ತಿರುಗಿತ್ತು. ಅರ್ಧ ದಾರಿಯಲ್ಲಿ ಸೊಪ್ಪು ಮಾರುವವರು ಗಾಡಿ ಮುಚ್ಚುತ್ತಾ "ಎಂಟರ ಮೇಲೆ ಒಬ್ಬಳೇ ಬರಬೇಡಮ್ಮ" ಎಂದರು. ಒಟ್ಟು 34 ನಿಮಿಷ. ಬಸ್ಸು ಇಲ್ಲವಾ ಎಂದು ಕೇಳಿದರೆ ಬೆಳಗ್ಗೆ ಎರಡು ಇದೆಯಂತೆ. 2023ರ ಜೂನ್‌ನಿಂದ ನಾನು ಶಕ್ತಿ ಯೋಜನೆಯಲ್ಲಿ ಫ್ರೀಯಾಗಿ ಓಡಾಡುತ್ತಿದ್ದೇನೆ, ಅದರಿಂದ ಉಳಿದದ್ದೇ ಮನೆಯ ಮುಂಗಡದಲ್ಲಿ ಒಂದಿಷ್ಟು ಇದೆ. ಆದರೆ ಬಸ್ಸೇ ಬರದ ರಸ್ತೆಯಲ್ಲಿ ಆಧಾರ್ ಕಾರ್ಡ್ ಯಾರಿಗೆ ತೋರಿಸಲಿ?

ಆ ಮನೆಗೂ ಗೆರೆ ಎಳೆದೆ. ಮನೆ ಚೆನ್ನಾಗಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಕನಕ ಮಾರ್ಗ ಪೂರ್ತಿ ಮುಗಿಯುವ ದಿನ ಬೇಡ. ಯಾವ ತುಂಡು ಯಾವಾಗ ಎಂದು ಹೇಳಿ. ಯಲಹಂಕದಿಂದ ರಾಜಾನುಕುಂಟೆ ಒಂದು ತಾರೀಖು, ಹೀಲಲಿಗೆಯ ಕಡೆಯಿಂದ ಒಂದು ತಾರೀಖು. ತಪ್ಪಿದರೆ ಹೊಸ ತಾರೀಖು, ಹಳೆಯದನ್ನು ಅಳಿಸದೆ ಪಕ್ಕದಲ್ಲೇ. ಲೆಕ್ಕದ ಪುಸ್ತಕದಲ್ಲಿ ನಾವು ಹಾಗೇ ಮಾಡುತ್ತೇವೆ, ತಪ್ಪಾದ ಅಂಕಿಗೆ ಒಂದು ಗೆರೆ, ಮೇಲೆ ಸರಿಯಾದದ್ದು. 2032 ಎಂದರೂ ಪರವಾಗಿಲ್ಲ. ಆಗ ನಾನು ಹಳಿಯಿಂದ ದೂರದ ಆ 38 ಲಕ್ಷದ ಮನೆ ತಗೊಂಡು, ಉಳಿದ ದುಡ್ಡಲ್ಲಿ ಅವರಿಗೆ ಒಂದು ಒಳ್ಳೆ ಸ್ಕೂಟರ್ ಕೊಡಿಸಬಹುದು. ಬೊಮ್ಮಸಂದ್ರವನ್ನೇ ಬಿಟ್ಟು ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಹುಡುಕಬಹುದು. ತಾರೀಖು ಗೊತ್ತಿದ್ದರೆ ಮನುಷ್ಯ ಏನಾದರೂ ದಾರಿ ಮಾಡಿಕೊಳ್ಳುತ್ತಾನೆ. 'ಶೀಘ್ರದಲ್ಲೇ' ಎನ್ನುವುದನ್ನು ಇಟ್ಟುಕೊಂಡು ಏನೂ ಮಾಡಲು ಆಗುವುದಿಲ್ಲ.

ಅಲ್ಲಿಯವರೆಗೆ ಇರುವ ಹಳಿಯನ್ನೇ ಬಳಸಿ. ಯಶವಂತಪುರದಿಂದ ಹೆಬ್ಬಾಳ, ಬಾಣಸವಾಡಿ, ಕಾರ್ಮೆಲರಾಂ, ಹೀಲಲಿಗೆ ಮೇಲೆ ಹೊಸೂರಿಗೆ ಮೆಮು ರೈಲು ಓಡುತ್ತದಲ್ಲ. ಅಂಥದ್ದು ಯಲಹಂಕದಿಂದ ಶಿಫ್ಟಿನ ಹೊತ್ತಿಗೆ ಬೆಳಗ್ಗೆ ಎರಡು, ಸಂಜೆ ಎರಡು ಇದ್ದರೆ ನಮ್ಮಂಥ ಎಷ್ಟೋ ಮನೆಗಳ ಲೆಕ್ಕ ಬದಲಾಗುತ್ತದೆ. ಬಸ್ಸಿನ ಸಾಹೇಬರು ಕೊನೆಯ ರೈಲು ಬರುವವರೆಗೆ ಸ್ಟೇಷನ್ ಮುಂದೆ ಒಂದೇ ಒಂದು ಬಸ್ಸು ನಿಲ್ಲಿಸಿದರೆ ಸಾಕು, ಮಿನಿ ಬಸ್ಸಾದರೂ ಸರಿ. ಮಂಜೂರಾತಿಯ ಸಾಹೇಬರಿಗೆ ಇನ್ನೊಂದು ಮಾತು. ರೇರಾ ವೆಬ್‌ಸೈಟಿನ ಪುಟದಲ್ಲಿ ಪ್ರತಿ ಯೋಜನೆಯ ಜಮೀನು, ನಕ್ಷೆ, ಕೋರ್ಟ್ ಕೇಸು ಎಲ್ಲಾ ಇರುತ್ತದೆ. ಅದರಲ್ಲೇ ಎರಡು ಸಾಲು ಸೇರಿಸಿ: ಇವತ್ತು ಓಡುತ್ತಿರುವ ಮೊದಲ ಬಸ್ಸು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ. ಸ್ಟೇಷನ್ನಿಗೆ ಎಷ್ಟು ನಿಮಿಷ, ಕಾರಿನಲ್ಲಲ್ಲ, ಕಾಲಿನಲ್ಲಿ. ಅದನ್ನು ಅಳೆಯಲು ಕನ್ಸಲ್ಟೆಂಟ್ ಬೇಡ. ಬೇಕಾದರೆ ನಾನೇ ಬರುತ್ತೇನೆ, ಮಂಗಳವಾರ ಸಂಜೆ.

ರಾಜಾನುಕುಂಟೆ ಫ್ಲ್ಯಾಟಿನವರು ಅಡ್ವಾನ್ಸ್ ಕೇಳುತ್ತಿದ್ದಾರೆ. ಯುಗಾದಿವರೆಗೆ ಟೈಮ್ ಕೊಡಿ ಎಂದಿದ್ದೇವೆ. ಎರಡು ಲಕ್ಷ ಬೇರೆ ಖಾತೆಯಲ್ಲಿ ತೆಗೆದಿಟ್ಟಿದ್ದೇನೆ. ಮಗಳು ಆಗಲೇ ಬಾಲ್ಕನಿಯಲ್ಲಿ ನಿಂತು ರೈಲಿನ ಬೋಗಿ ಎಣಿಸಿ ಬಂದಿದ್ದಾಳೆ, ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿದ್ದಾಳೆ.

ಯುಗಾದಿಯೊಳಗೆ ನಿಮ್ಮಲ್ಲಿ ಯಾರಾದರೂ ಒಬ್ಬರು ಒಂದು ಸಾಲು ಬರೆದರೆ ಸಾಕು. ರಾಜಾನುಕುಂಟೆಯಲ್ಲಿ ಬೆಳಗ್ಗೆ ಆರೂವರೆಗೆ ಹತ್ತಿದರೆ ಹೀಲಲಿಗೆಯಲ್ಲಿ ಇಳಿಯುವ ರೈಲು, ಯಾವ ವರ್ಷದಿಂದ?

ಇಂತಿ,
ದಾಸರಹಳ್ಳಿಯ ಬಾಡಿಗೆ ಮನೆಯಿಂದ ಒಬ್ಬ ಲೆಕ್ಕದವಳು